ನೋಯದ ಗಾಯ

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯ ಡಾ. ಪಾಲ್ ಬ್ರಾಂಡ್ ಒಂದು ದಿನ ಉಗ್ರಾಣದ ಬಾಗಿಲ ಮುಂದೆ ನಿಂತು ತುಕ್ಕು ಹಿಡಿದ ಬೀಗದೊಡನೆ ಗುದ್ದಾಡುತ್ತಿದ್ದರು. ಕೀಲಿ ಒಳಗೆ ಹೋಗುತ್ತಿತ್ತು, ಏನು ಮಾಡಿದರೂ ತಿರುಗುತ್ತಿರಲಿಲ್ಲ. ಅಲ್ಲೇ ಇದ್ದ ಕುಷ್ಠರೋಗಿ ಹುಡುಗನೊಬ್ಬ ಮುಂದೆ ಬಂದ. ಸುಮಾರು ಹತ್ತು ವರ್ಷದ ನರಪೇತಲ. ಅವನು ಕೀಲಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ತಿರುಚಿದ. ಬೀಗ ತೆರೆಯಿತು. ಗಟ್ಟಿಮುಟ್ಟಾದ ಡಾಕ್ಟರಿಗೆ ಆಗದ್ದು ಈ ಹುಡುಗನಿಗೆ ಹೇಗಾಯಿತೆಂದು ಬೆರಗಾಗುವಷ್ಟರಲ್ಲಿ ನೆಲದ ಮೇಲೆ ರಕ್ತದ ಹನಿ ಕಂಡಿತು. ಹುಡುಗನ ಕೈ ಹಿಡಿದು ನೋಡಿದರೆ, ಕೀಲಿಯ ಅಂಚು ಬೆರಳನ್ನು ಮೂಳೆಯವರೆಗೆ ಕೊಯ್ದಿತ್ತು. ಹುಡುಗನಿಗೆ ಅದು ಗೊತ್ತೇ ಇರಲಿಲ್ಲ.

ಹುಡುಗನಲ್ಲಿ ಹೆಚ್ಚಿನ ಬಲವೇನೂ ಇರಲಿಲ್ಲ. ಇಷ್ಟಕ್ಕೇ ನಿಲ್ಲಿಸು ಎಂದು ಹೇಳುವ ನೋವು ಇರಲಿಲ್ಲ, ಅಷ್ಟೆ. ಆರೋಗ್ಯವಂತನೊಬ್ಬ ಕೀಲಿಯನ್ನು ಒತ್ತುವಾಗ ಬೆರಳು ಕೊಯ್ಯುವ ಎಷ್ಟೋ ಮೊದಲೇ ನೋವು ಕೈಯನ್ನು ತಡೆಯುತ್ತದೆ. ಆ ತಡೆ ಕಳೆದುಹೋದ ಕೈ ತನ್ನನ್ನು ತಾನೇ ಹಾಳು ಮಾಡಿಕೊಳ್ಳುತ್ತದೆ.

ಕುಷ್ಠ ಬಂದವರ ಬೆರಳು ಕೊಳೆತು ಉದುರುತ್ತದೆ ಎಂಬ ನಂಬಿಕೆ ಆಗ ಜನರಲ್ಲಿತ್ತು. ವೈದ್ಯರಲ್ಲೂ ಇತ್ತು ಎನ್ನುವುದೇ ವಿಷಾದದ ಸಂಗತಿ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿಗೆ ಬಂದ ಬ್ರಾಂಡ್ ಈ ನಂಬಿಕೆಯನ್ನು ಒಪ್ಪಲಿಲ್ಲ. ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಬೆರಳು ಮುದುರಿಹೋದ ರೋಗಿಯೊಬ್ಬನ ಕೈ ಕುಲುಕಿದಾಗ ಅವನ ಹಿಡಿತ ಇಕ್ಕಳದಂತಿತ್ತು. ಕೊಳೆತ ಕೈಗೆ ಇಷ್ಟು ಬಲವೆಲ್ಲಿಂದ ಬಂತು? ಶಸ್ತ್ರಚಿಕಿತ್ಸೆಯಲ್ಲಿ ಬಿಚ್ಚಿ ನೋಡಿದರೆ ಮಾಂಸ ಆರೋಗ್ಯವಾಗಿತ್ತು, ಹಾಕಿದ ಹೊಲಿಗೆ ಎಲ್ಲರಲ್ಲಿ ಕೂಡುವಂತೆಯೇ ಕೂಡುತ್ತಿತ್ತು. ಹಾಗಾದರೆ ಬೆರಳುಗಳು ಎಲ್ಲಿಗೆ ಹೋಗುತ್ತಿದ್ದವು?

ವೆಲ್ಲೂರಿನಲ್ಲಿ ಅವರು ರೋಗಿಗಳನ್ನೇ ಪತ್ತೇದಾರರನ್ನಾಗಿ ಮಾಡಿದರು. ಪ್ರತಿಯೊಂದು ಗಾಯಕ್ಕೂ ಕಾರಣ ಹುಡುಕಬೇಕು, 'ತಾನಾಗಿ ಆಯಿತು' ಎನ್ನುವಂತಿಲ್ಲ. ಒಂದೊಂದಾಗಿ ಉತ್ತರಗಳು ಸಿಕ್ಕವು. ಬಿಸಿ ಪಾತ್ರೆ, ಸಲಿಕೆಯ ಹಿಡಿಯಲ್ಲಿದ್ದ ಮೊಳೆ, ಮಲಗುವ ಮುನ್ನ ಆರಿಸಿದ ಲಾಂದ್ರದ ಕಾದ ಗಾಜು. ರಾತ್ರಿ ಇದ್ದ ಬೆರಳ ತುಂಡು ಬೆಳಗಾಗುವುದರೊಳಗೆ ಮಾಯವಾಗುವ ಪ್ರಕರಣ ಮಾತ್ರ ಬಗೆಹರಿಯಲಿಲ್ಲ. ಕೊನೆಗೆ ನಿದ್ದೆಗೆಟ್ಟು ಕಾದು ಕುಳಿತಾಗ ಕಳ್ಳ ಸಿಕ್ಕಿಬಿದ್ದ. ಇಲಿಗಳು ಬಂದು ಮಲಗಿದವರ ಬೆರಳನ್ನು ಕಡಿಯುತ್ತಿದ್ದವು, ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಚಿಕಿತ್ಸೆ ಮುಗಿಸಿ ಊರಿಗೆ ಹೊರಟ ರೋಗಿಯ ಜೊತೆಗೆ ಒಂದು ಬೆಕ್ಕನ್ನೂ ಕಳಿಸುವ ಪದ್ಧತಿ ಬಂತು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಔಷಧಿಯ ಚೀಟಿಯ ಜೊತೆ ಬೆಕ್ಕು ಕೊಟ್ಟ ಉದಾಹರಣೆ ಬೇರೆ ಇರಲಾರದು.

ಒಂದು ಮೀಟರಿನ ಎಳೆ

ಮಿದುಳು ಮತ್ತು ಬೆನ್ನುಹುರಿಯಿಂದ ಹೊರಬಿದ್ದು ಚರ್ಮ, ಸ್ನಾಯು, ಒಳ ಅಂಗಗಳವರೆಗೆ ಹರಡಿಕೊಂಡ ನರಗಳಿಗೆ ಹೊರವಲಯದ ನರಗಳು ಎಂದು ಹೆಸರು. ಮಿದುಳಿಗೆ ಬುರುಡೆಯ ಕೋಟೆಯಿದೆ, ಬೆನ್ನುಹುರಿಗೆ ಬೆನ್ನೆಲುಬಿನ ಕವಚವಿದೆ. ಈ ನರಗಳಿಗೆ ಅಂಥ ರಕ್ಷಣೆಯಿಲ್ಲ. ಮೊಣಕೈ ಗಂಟಿಗೆ ಬಾಗಿಲು ತಾಗಿದರೆ ಕಿರುಬೆರಳ ತುದಿಯವರೆಗೆ ಕರೆಂಟು ಹೊಡೆದಂತಾಗುವುದು ಎಲ್ಲರಿಗೂ ಗೊತ್ತು. ಅಲ್ಲಿ ಅಲ್ನಾರ್ ನರ ಚರ್ಮಕ್ಕೂ ಮೂಳೆಗೂ ನಡುವೆ ಬರಿದೇ ಹಾದುಹೋಗುತ್ತದೆ.

ಕಾಲ್ಬೆರಳಿನ ಸ್ಪರ್ಶವನ್ನು ಮೇಲಕ್ಕೆ ಒಯ್ಯುವ ನರಕೋಶದ ಒಡಲು ಇರುವುದು ಸೊಂಟದ ಬಳಿ, ಬೆನ್ನೆಲುಬಿನ ಪಕ್ಕದಲ್ಲಿ. ಅಲ್ಲಿಂದ ಅದರ ಎಳೆ ಬೆರಳ ತುದಿಗೆ ಬರುತ್ತದೆ. ಉದ್ದ ಸುಮಾರು ಒಂದು ಮೀಟರ್. ಕೋಶದ ಒಡಲನ್ನು ನಿಂಬೆಹಣ್ಣಿನಷ್ಟು ದೊಡ್ಡದು ಮಾಡಿ ನೋಡಬಹುದಾದರೆ, ಈ ಬಾಲ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಹೋಗುತ್ತದೆ. ಎಳೆಯ ತುದಿಗೆ ಬೇಕಾದ ಸರಕಿನ ಬಹುಭಾಗ ತಯಾರಾಗುವುದು ಒಡಲಿನಲ್ಲಿ. ಅದು ಬಾಲದೊಳಗೆ ಸಾಗಿ ತುದಿ ಮುಟ್ಟಬೇಕು. ವೇಗವಾಗಿ ಸಾಗುವ ಸರಕಿಗೇ ಎರಡು ಮೂರು ದಿನ ಬೇಕು. ನಿಧಾನವಾಗಿ ಸಾಗುವುದು ದಿನಕ್ಕೆ ಕೆಲವೇ ಮಿಲಿಮೀಟರ್ ಹೋಗುತ್ತದೆ.

ನಾಲೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಯಾರ ಗದ್ದೆ? ಕೊನೆಯ ಭಾಗದ ರೈತನದು. ನರದ ಕಥೆಯೂ ಅಷ್ಟೆ. ದೇಹದೊಳಗೆ ಸಕ್ಕರೆ ಹೆಚ್ಚಿ, ವಿಟಮಿನ್ ಕಡಿಮೆಯಾಗಿ ಅಥವಾ ವಿಷ ಸೇರಿ ನರಕೋಶಗಳೆಲ್ಲ ಸೊರಗಿದಾಗ ಅತಿ ಉದ್ದದ ಎಳೆಗಳ ತುದಿ ಮೊದಲು ಬಾಡುತ್ತದೆ. ಆದ್ದರಿಂದಲೇ ಜೋಮು ಎರಡೂ ಕಾಲುಗಳ ಬೆರಳುಗಳಲ್ಲಿ ಆರಂಭವಾಗಿ, ಕಾಲುಚೀಲ ಹಾಕಿದಂತೆ ಮೇಲಕ್ಕೆ ಏರುತ್ತದೆ. ಅದು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೇ ಕೈಯಲ್ಲಿ, ಒಂದೇ ಕಾಲಿನಲ್ಲಿ ಜೋಮು ಕಾಣಿಸಿದರೆ ಒಂದೇ ನರ ಎಲ್ಲೋ ಅದುಮಿಕೊಂಡಿರುವ ಅನುಮಾನ. ಮಣಿಕಟ್ಟಿನ ಸುರಂಗದಲ್ಲಿ ಮೀಡಿಯನ್ ನರ ಒತ್ತಿಹೋಗಿ ರಾತ್ರಿ ಹೊತ್ತು ಹೆಬ್ಬೆರಳಿನಿಂದ ಉಂಗುರಬೆರಳವರೆಗೆ ಮರಗಟ್ಟುವುದು ಇದಕ್ಕೆ ಚಿರಪರಿಚಿತ ಉದಾಹರಣೆ.

ನರದ ಕಟ್ಟಿನಲ್ಲಿ ಎಲ್ಲ ಎಳೆಗಳೂ ಒಂದೇ ಬಗೆಯವಲ್ಲ. ಸ್ಪರ್ಶ ಒಯ್ಯುವ ದಪ್ಪ ಎಳೆಗಳಿಗೆ ಕೊಬ್ಬಿನ ಹೊದಿಕೆಯಿದ್ದು, ಸುದ್ದಿ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಉರಿ, ಮಂದ ನೋವುಗಳನ್ನು ಒಯ್ಯುವ ಸಣ್ಣ ಎಳೆಗಳಿಗೆ ಹೊದಿಕೆಯಿಲ್ಲ. ಅವುಗಳ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಕತ್ತಲಲ್ಲಿ ಕಾಲ್ಬೆರಳು ಮಂಚದ ಕಾಲಿಗೆ ಬಡಿದಾಗ, ತಾಗಿದ್ದು ತಕ್ಷಣ ತಿಳಿದು, ಪ್ರಾಣ ಹಿಂಡುವ ನೋವು ಕ್ಷಣ ತಡೆದು ಬರುವುದು ಈ ಕಾರಣಕ್ಕೆ. ಆ ಒಂದು ಕ್ಷಣದಲ್ಲಿ ಈಗ ನೋಯುತ್ತದೆ ಎಂದು ಕಾಯುವುದಕ್ಕೂ ಸಮಯ ಸಿಗುತ್ತದೆ!

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕುಳಿತು ಎದ್ದಾಗ ಕಾಲಿಗೆ ಹಿಡಿಯುವ ಜೋಮು ರೋಗವಲ್ಲ. ಒತ್ತಡದಿಂದ ನರಕ್ಕೆ ರಕ್ತ ಕಡಿಮೆಯಾಗಿ ಸುದ್ದಿ ನಿಂತಿರುತ್ತದೆ, ಕಾಲು ಚಾಚಿದರೆ ಸರಿಹೋಗುತ್ತದೆ. ಇದೇ ಜೋಮು ಬ್ರಾಂಡ್ ಅವರನ್ನು ಒಂದು ರಾತ್ರಿ ನಿದ್ದೆಗೆಡಿಸಿತ್ತು. ಹಡಗಿನಲ್ಲಿ ಅಮೆರಿಕದಿಂದ ಇಂಗ್ಲೆಂಡಿಗೆ ಬಂದು, ಜ್ವರದ ಆಯಾಸದಲ್ಲೇ ರೈಲಿನಲ್ಲಿ ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕುಳಿತು ಲಂಡನ್ನು ಮುಟ್ಟಿದ ಅವರು ಕಾಲುಚೀಲ ಬಿಚ್ಚುವಾಗ ಹಿಮ್ಮಡಿಗೆ ಸ್ಪರ್ಶವೇ ತಿಳಿಯಲಿಲ್ಲ. ಸೂಜಿ ಚುಚ್ಚಿದರು, ನೋವಿಲ್ಲ. ಇಷ್ಟು ವರ್ಷ ರೋಗಿಗಳ ನಡುವೆ ಇದ್ದ ತನಗೂ ಕುಷ್ಠ ತಗುಲಿತು ಎಂದೇ ತೀರ್ಮಾನಿಸಿ, ಹೆಂಡತಿ ಮಕ್ಕಳಿಂದ ದೂರವಿರಬೇಕಾದ ಬದುಕನ್ನು ನೆನೆಯುತ್ತ ರಾತ್ರಿ ಕಳೆದರು. ಬೆಳಿಗ್ಗೆ ಮತ್ತೆ ಸೂಜಿ ಚುಚ್ಚಿಕೊಂಡಾಗ ಕೂಗುವಷ್ಟು ನೋವಾಯಿತು. ಅಷ್ಟು ಸುಖ ಕೊಟ್ಟ ನೋವು ಇನ್ನೊಂದಿರಲಿಲ್ಲ ಎಂದು ಅವರು ಮುಂದೆ ನೆನಪಿಸಿಕೊಂಡರು.

ಎಳೆ ಕಡಿದೇ ಹೋದರೆ ರಾತ್ರಿ ಬೆಳಗಾಗುವುದರಲ್ಲಿ ಸರಿಹೋಗುವುದಿಲ್ಲ. ಹೊರವಲಯದ ನರ ಮತ್ತೆ ಬೆಳೆಯಬಲ್ಲದು, ಆದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಮಣಿಕಟ್ಟಿನಲ್ಲಿ ಗಾಜು ತಗುಲಿ ಕಡಿದ ನರವನ್ನು ಹೊಲಿದರೆ ಬೆರಳ ತುದಿಗೆ ಸ್ಪರ್ಶ ಮರಳಲು ಆರು ತಿಂಗಳೋ ಅದಕ್ಕೂ ಹೆಚ್ಚೋ ಬೇಕು. ಬೆಳೆದ ಎಳೆ ಹಳೆಯ ಜಾಗಕ್ಕೇ ಹೋಗಿ ಸೇರುತ್ತದೆಂಬ ಖಾತ್ರಿಯೂ ಇಲ್ಲ.

ತಂಪು ಜಾಗ ಹುಡುಕುವ ರೋಗಾಣು

ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಗುರುತಿಸಿದ ಕುಷ್ಠದ ರೋಗಾಣು ವಿಚಿತ್ರ ಜೀವಿ. ಒಂದು ಎರಡಾಗಲು ಸುಮಾರು ಎರಡು ವಾರ ತೆಗೆದುಕೊಳ್ಳುವ ಸೋಮಾರಿ, ಜೊತೆಗೆ ತಂಪುಪ್ರಿಯ. ತೀರಿಕೊಂಡ ರೋಗಿಯೊಬ್ಬನ ಶವಪರೀಕ್ಷೆ ಮಾಡುವಾಗ ಬ್ರಾಂಡ್ ಗಮನಿಸಿದ್ದು ಇದನ್ನೇ. ನರಗಳು ಉದ್ದಕ್ಕೂ ಊದಿರಲಿಲ್ಲ. ಮೊಣಕೈಯ ಮೇಲೆ, ಮಣಿಕಟ್ಟಿನ ಬಳಿ, ಮೊಣಕಾಲಿನ ಹೊರಬದಿಯಲ್ಲಿ, ಹರಡಿನ ಹಿಂದೆ, ಹೀಗೆ ಚರ್ಮದ ಹತ್ತಿರ ಬಂದು ತಂಪಾಗಿರುವ ಕಡೆಗಳಲ್ಲಿ ಮಾತ್ರ ಊದಿದ್ದವು. ಊತದಿಂದ ಕೆಳಗಿನ ಸ್ನಾಯುಗಳು ಸೋತಿದ್ದವು, ಮೇಲಿನ ಸ್ನಾಯುಗಳು ಗಟ್ಟಿಯಾಗಿದ್ದವು. ಹಾಗಿದ್ದರೆ ಮುಂಗೈಯ ಒಳ್ಳೆಯ ಸ್ನಾಯುವೊಂದರ ನಾರನ್ನು ಬಿಡಿಸಿ ತಂದು ಮುದುರಿದ ಬೆರಳಿಗೆ ಕಟ್ಟಬಹುದಲ್ಲ? 1940ರ ದಶಕದ ಕೊನೆಯಲ್ಲಿ ಅವರು ಅದನ್ನು ಮಾಡಿ ತೋರಿಸಿದರು. ಮುಷ್ಟಿ ಬಿಚ್ಚಲಾಗದಿದ್ದ ಕೈಗಳು ಅನ್ನ ಕಲಸಿ ಉಣ್ಣುವಂತಾದವು.

ಆದರೆ ನೆಟ್ಟಗಾದ ಬೆರಳಿಗೆ ಸ್ಪರ್ಶ ಬರಲಿಲ್ಲ. ಕೆಲಸ ಮಾಡಬಲ್ಲ, ಆದರೆ ನೋವರಿಯದ ಕೈ ಮೊದಲಿಗಿಂತ ಬೇಗ ಗಾಯವಾಗುತ್ತಿತ್ತು. 1966ರಲ್ಲಿ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಬ್ರಾಂಡ್ ಎಂಜಿನಿಯರುಗಳನ್ನು ಕೂಡಿಸಿಕೊಂಡು ಕೃತಕ ನೋವನ್ನೇ ತಯಾರಿಸಲು ಹೊರಟರು. ಒತ್ತಡ ಅಳೆಯುವ ಸಾಧನಗಳನ್ನು ಹೊಲಿದ ಕೈಗವಸು, ಅಪಾಯ ಬಂದಾಗ ಕಿವಿಯಲ್ಲಿ ಸದ್ದು. ರೋಗಿಗಳು ಸದ್ದನ್ನು ಲೆಕ್ಕಿಸಲಿಲ್ಲ. ದೀಪ ಮಿನುಗಿಸಿದರು, ಅದನ್ನೂ ಲೆಕ್ಕಿಸಲಿಲ್ಲ. ಕೊನೆಗೆ ಕಂಕುಳಿಗೆ ವಿದ್ಯುತ್ ಶಾಕ್ ಕೊಡುವ ಏರ್ಪಾಡಾಯಿತು. ರೋಗಿಗಳು ಶಾಕ್ ಹೊಡೆಯುವಂಥ ಕೆಲಸ ಬಂದಾಗ ಸ್ವಿಚ್ ಆರಿಸಿ, ಕೆಲಸ ಮುಗಿದ ಮೇಲೆ ಮತ್ತೆ ಹಾಕಿಕೊಳ್ಳತೊಡಗಿದರು! ವರ್ಷಗಟ್ಟಲೆ ದುಡಿದ ಯೋಜನೆ ಅಲ್ಲಿಗೆ ನಿಂತಿತು. ನಿಜವಾದ ನೋವಿಗೆ ಸ್ವಿಚ್ ಇಲ್ಲ ಎನ್ನುವುದೇ ಅದರ ಮಹತ್ವ.

ಕುಷ್ಠವನ್ನು ಹಳೆಯ ಕಾಲದ ರೋಗವೆಂದು ತಳ್ಳಿಹಾಕುವಂತಿಲ್ಲ. 2005ರ ಕೊನೆಗೆ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಅದು ನಿವಾರಣೆಯಾಯಿತೆಂದು ದೇಶ ಘೋಷಿಸಿಕೊಂಡರೂ, ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗಲೂ ಭಾರತದವರೇ. ಮುಟ್ಟಿದರೆ ತಿಳಿಯದ ಮಾಸಲು ಅಥವಾ ಕೆಂಪು ಮಚ್ಚೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಬಹುಔಷಧ ಚಿಕಿತ್ಸೆ ಉಚಿತ. ನರ ಊದಿ ಹೊಸದಾಗಿ ಸ್ಪರ್ಶ ಹೋದಾಗ ಮೊದಲ ಆರು ತಿಂಗಳೊಳಗೆ ಸ್ಟಿರಾಯ್ಡ್ ಚಿಕಿತ್ಸೆ ಸಿಕ್ಕರೆ ಬಹಳಷ್ಟು ನರಗಳನ್ನು ಉಳಿಸಬಹುದು. ಆಮೇಲೆ ಬಂದರೆ ರೋಗಾಣು ಸಾಯುತ್ತದೆ, ನರ ಮರಳುವುದು ಕಷ್ಟ.

ಸಕ್ಕರೆಯ ಕಾಲು

ಕಾರ್ವಿಲ್‌ನಲ್ಲಿ ಬ್ರಾಂಡ್ ಇನ್ನೊಂದು ಸಂಗತಿ ಕಂಡರು. ಕುಷ್ಠದ ಸೋಂಕೇ ಇಲ್ಲದ ಮಧುಮೇಹಿಗಳ ಅಂಗಾಲಿನಲ್ಲಿ ಅದೇ ಹುಣ್ಣು, ಅದೇ ಜಾಗದಲ್ಲಿ, ಅದೇ ಕಾರಣಕ್ಕೆ. ವೆಲ್ಲೂರಿನಲ್ಲಿ ಕಲಿತ ಪಾಠ ಹೀಗೆ ಪ್ರಪಂಚದ ಮಧುಮೇಹಿಗಳ ಪಾದಕ್ಕೆ ಬಂತು. ಹುಣ್ಣಾದ ಪಾದಕ್ಕೆ ಭಾರ ಹಂಚಿಹೋಗುವಂತೆ ಮೈಗಂಟಿದ ಪ್ಲಾಸ್ಟರ್ ಕಟ್ಟುವ ಕುಷ್ಠದ ಚಿಕಿತ್ಸೆ ಇಂದು ಮಧುಮೇಹದ ಅಂಗಾಲು ಹುಣ್ಣಿಗೆ ಅತ್ಯುತ್ತಮ ಚಿಕಿತ್ಸೆಗಳಲ್ಲೊಂದು. ಕುಷ್ಠರೋಗಿಗಳಿಗೆಂದು ಬಳಕೆಗೆ ಬಂದ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನೇ ಈಗ ಮಧುಮೇಹಿಗಳೂ ಮೆಟ್ಟುತ್ತಾರೆ. ಒಂದು ಕಾಲಕ್ಕೆ ಈ ಚಪ್ಪಲಿ ನೋಡಿಯೇ ಜನ ರೋಗ ಗುರುತಿಸುತ್ತಾರೆಂದು ಹೆದರಿ ಎಷ್ಟೋ ರೋಗಿಗಳು ಅದನ್ನು ಮೂಲೆಗೆ ಹಾಕಿ ಬರಿಗಾಲಲ್ಲಿ ನಡೆದು ಪಾದ ಕಳೆದುಕೊಂಡದ್ದುಂಟು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದ ಮಧುಮೇಹಿಗಳು ಸುಮಾರು 10 ಕೋಟಿ. ಕಾಯಿಲೆ ಹಳೆಯದಾದಂತೆ ಇಂಥವರಲ್ಲಿ ಅರ್ಧದಷ್ಟು ಜನಕ್ಕೆ ನರದ ತೊಂದರೆ ಬರಬಹುದು. ಹೆಚ್ಚಿದ ಸಕ್ಕರೆ ನರಕೋಶವನ್ನೂ, ನರಕ್ಕೆ ರಕ್ತ ಕೊಡುವ ಕೂದಲೆಳೆಯಂಥ ರಕ್ತನಾಳಗಳನ್ನೂ ಒಟ್ಟಿಗೆ ಕೆಡಿಸುತ್ತದೆ. ಕೆಲವರಿಗೆ ಅಂಗಾಲು ಉರಿ, ಸೂಜಿ ಚುಚ್ಚಿದ ಹಾಗೆ, ರಾತ್ರಿ ಹೊದಿಕೆ ತಾಗಿದರೂ ತಡೆಯದು. ಇವರು ಡಾಕ್ಟರ ಬಳಿ ಓಡುತ್ತಾರೆ. ಇನ್ನು ಕೆಲವರಿಗೆ ಏನೂ ಆಗುವುದಿಲ್ಲ, ಹತ್ತಿಯ ಮೇಲೆ ನಡೆದಂತೆ ಇರುತ್ತದೆ, ನಡೆಯುವಾಗ ಹವಾಯಿ ಚಪ್ಪಲಿ ಕಳಚಿಹೋದರೂ ತಿಳಿಯುವುದಿಲ್ಲ. ಇವರು ಡಾಕ್ಟರ ಬಳಿ ಹೋಗುವುದಿಲ್ಲ. ಪಾದ ಕಳೆದುಕೊಳ್ಳುವ ಅಪಾಯ ಇವರಿಗೇ ಹೆಚ್ಚು.

ಉರಿ ಇರುವ ಪಾದದಲ್ಲೂ ಸ್ಪರ್ಶ ಸತ್ತಿರಬಹುದು. ಕೆಟ್ಟ ತಂತಿ ಸುಳ್ಳು ಸುದ್ದಿಯನ್ನು ಕಳಿಸುತ್ತಲೇ ನಿಜ ಸುದ್ದಿಯನ್ನು ನುಂಗುತ್ತಿರುತ್ತದೆ. ಎರಡು ವರ್ಷ ಕಾಡಿದ ಉರಿ ತಾನಾಗಿ ನಿಂತಿತೆಂದು ಸಂತೋಷಪಡುವ ಹಿರಿಯರಿದ್ದಾರೆ. ಸಕ್ಕರೆ ಹತೋಟಿಗೆ ಬಂದು ನಿಂತಿದ್ದರೆ ಸರಿ. ಹಾಗಲ್ಲದೆ ಸುಮ್ಮನೆ ನಿಂತಿದ್ದರೆ, ಉರಿಯ ಸುದ್ದಿ ಕಳಿಸುತ್ತಿದ್ದ ಎಳೆಯೂ ಸತ್ತಿದೆ ಎಂದೇ ಅನುಮಾನಿಸಬೇಕು. ವಾಸಿಯಾಯಿತೆಂದು ನಂಬಿದ ಪಾದವೇ ಆಗ ಅತಿ ಅಪಾಯದ ಪಾದ.

ಉರಿಗೆ ಔಷಧಿಗಳಿವೆ. ಅಮಿಟ್ರಿಪ್ಟಿಲಿನ್, ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಡ್ಯೂಲೊಕ್ಸೆಟಿನ್ ಮುಂತಾದವು ನರದ ಸುಳ್ಳು ಸುದ್ದಿಯನ್ನು ತಗ್ಗಿಸುತ್ತವೆ. ವೈದ್ಯರು ಸಣ್ಣ ಪ್ರಮಾಣದಲ್ಲಿ ಆರಂಭಿಸಿ ಏರಿಸುತ್ತಾರೆ, ತೂಕಡಿಕೆ ಬರಬಹುದು, ಏಕಾಏಕಿ ನಿಲ್ಲಿಸಬಾರದು. ಅಂಗಡಿಯಲ್ಲಿ ಕೇಳಿ ನುಂಗುವ ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ, ಮಧುಮೇಹಿಯ ಮೂತ್ರಪಿಂಡಕ್ಕೆ ಮಾತ್ರ ಪೆಟ್ಟು ಕೊಡುತ್ತದೆ. ಈ ಯಾವ ಔಷಧಿಯೂ ಸತ್ತ ಸ್ಪರ್ಶವನ್ನು ಮರಳಿಸುವುದಿಲ್ಲ. ಹಾನಿಯನ್ನು ತಡೆಯುವ ದಾರಿ ಸಕ್ಕರೆಯ ಹತೋಟಿ. ಚಿಕ್ಕಂದಿನಲ್ಲೇ ಬರುವ ಮೊದಲ ಬಗೆಯ ಮಧುಮೇಹದಲ್ಲಿ ಬಿಗಿ ಹತೋಟಿಯಿಂದ ನರದ ತೊಂದರೆ ಸುಮಾರು ಶೇ. 60ರಷ್ಟು ಕಡಿಮೆಯಾಯಿತೆಂದು 1993ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ವಯಸ್ಸಾದವರ ಎರಡನೇ ಬಗೆಯಲ್ಲಿ ಲಾಭ ಅಷ್ಟಿಲ್ಲ, ಆದರೂ ಬೇರೆ ದಾರಿಯಿಲ್ಲ.

'ನರದ ಇಂಜೆಕ್ಷನ್' ಎಂಬ ಕೆಂಪು ಬಣ್ಣದ ಚುಚ್ಚುಮದ್ದಿನ ಬಗ್ಗೆ ಒಂದು ಮಾತು. ಅದರಲ್ಲಿರುವುದು ಮುಖ್ಯವಾಗಿ ಬಿ12 ವಿಟಮಿನ್. ಹಾಲು ಮೊಸರು ಕಡಿಮೆ ಬಳಸುವ ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಿ ನರ ಕೆಡುವುದುಂಟು. ಅಂಥವರಿಗೆ ಅದು ನಿಜಕ್ಕೂ ಮದ್ದು. ಕೊರತೆಯಿಲ್ಲದವರಿಗೆ ಅದು ಕೆಂಪು ನೀರು, ಅಷ್ಟೆ. ಬಿ6 ವಿಟಮಿನ್ನಿನ ವಿಷಯ ಇನ್ನೂ ಸೂಕ್ಷ್ಮ. ಕ್ಷಯಕ್ಕೆ ಐಸೋನಿಯಜಿಡ್ ತೆಗೆದುಕೊಳ್ಳುವವರ ನರ ಕೆಡದಂತೆ ಅದನ್ನು ಕೊಡುತ್ತಾರೆ, ಆದರೆ ಭಾರೀ ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಅದೇ ನರವನ್ನು ಕೆಡಿಸುತ್ತದೆ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ 'ನರದೌರ್ಬಲ್ಯ'ಕ್ಕೆ ಶರ್ತಿಯಾ ಚಿಕಿತ್ಸೆ ಸಾರುವವರ ದೌರ್ಬಲ್ಯವೇ ಬೇರೆ, ಅದಕ್ಕೂ ಈ ನರಗಳಿಗೂ ಸಂಬಂಧವಿಲ್ಲ.

ನಿಧಾನ ಸಲ್ಲದ ಒಂದು ಸಂದರ್ಭವಿದೆ. ಜ್ವರವೋ ಭೇದಿಯೋ ಬಂದು ಹೋದ ಕೆಲವು ದಿನಗಳಲ್ಲಿ ಎರಡೂ ಕಾಲು ಸೋತು, ಆ ಸೋಲು ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ಅದು ಗಿಲಾನ್-ಬಾರೆ ರೋಗವಿರಬಹುದು. ಉಸಿರಾಟದ ಸ್ನಾಯುವಿಗೆ ತಲುಪುವ ಮೊದಲೇ ದೊಡ್ಡ ಆಸ್ಪತ್ರೆ ಸೇರಬೇಕು.

ಕಣ್ಣು ಮಾಡಬೇಕಾದ ಕೆಲಸ

ನೋವು ಮಾಡುತ್ತಿದ್ದ ಕಾವಲನ್ನು ಕಣ್ಣೂ ಕೈಯೂ ವಹಿಸಿಕೊಳ್ಳಬೇಕು. ಬ್ರಾಂಡ್ ರೋಗಿಗಳಿಗೆ ಕಲಿಸಿದ್ದು ಅದನ್ನೇ. ದಿನವೂ ಮಲಗುವ ಮುನ್ನ ಬೆಳಕಿನಲ್ಲಿ ಕುಳಿತು ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ನೋಡಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು, ಕಣ್ಣು ಮಂಜಾದವರಿಗೆ ಮೊಮ್ಮಕ್ಕಳು ನೋಡಿ ಹೇಳಬಹುದು. ಕೆಂಪು, ಗುಳ್ಳೆ, ಬಿರುಕು, ಒಂದು ಜಾಗ ಮಾತ್ರ ಬಿಸಿಯಾಗಿರುವುದು, ಇವು ನೋವಿನ ಬದಲಿ ಸುದ್ದಿಗಳು. ಒಂದು ಪಾದ ಊದಿ ಬಿಸಿಯಾಗಿದ್ದೂ ನೋವಿಲ್ಲದಿದ್ದರೆ ಒಳಗಿನ ಮೂಳೆಗಳು ಕುಸಿಯುತ್ತಿರಬಹುದು. ಅಂಥ ಪಾದವನ್ನು ನೆಲಕ್ಕೆ ಊರದೆ ವೈದ್ಯರಲ್ಲಿಗೆ ಹೋಗಬೇಕು.

ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡುವಂತಿಲ್ಲ, ಮೊಣಕೈ ಅದ್ದಿ ನೋಡಬೇಕು. ಕಾಲು ತಣ್ಣಗಿದೆಯೆಂದು ಬಿಸಿನೀರಿನ ಚೀಲ ಇಡುವುದಾಗಲಿ, ಒಲೆಯ ಮುಂದೆ ಕಾಯಿಸುವುದಾಗಲಿ ಸಲ್ಲ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಪ್ರಾಕಾರದ ಕಲ್ಲಿನ ಮೇಲೆ ಬರಿಗಾಲ ಪ್ರದಕ್ಷಿಣೆ ಮುಗಿಸಿ ಮನೆಗೆ ಬಂದು ಗುಳ್ಳೆ ನೋಡುವ ಭಕ್ತರು ಕಡಿಮೆಯಿಲ್ಲ. ಬೆಳಗಿನ ತಂಪಿನಲ್ಲಿ ಹೋದರೆ, ದಪ್ಪ ಕಾಲುಚೀಲ ಹಾಕಿದರೆ ದೇವರೇನೂ ಮುನಿಯಲಾರ.

ಮನೆಯೊಳಗೂ ಚಪ್ಪಲಿ ಇರಲಿ, ಹಿಮ್ಮಡಿಗೆ ಪಟ್ಟಿ ಇರುವಂಥದ್ದು. ಹೊಸ ಜೋಡನ್ನು ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತು ಕೊಳ್ಳಬೇಕು, ಮೊದಲು ಒಂದೆರಡು ಗಂಟೆ ಮಾತ್ರ ಹಾಕಿ ಬಿಚ್ಚಿ ನೋಡಬೇಕು. ಜೋಡಿನೊಳಗೆ ಕಾಲಿಡುವ ಮುಂಚೆ ಕೈ ಆಡಿಸಬೇಕು. ಚೇಳು ಹುಡುಕಲು ಹಳ್ಳಿಯವರು ಜೋಡು ಕೊಡವುತ್ತಿದ್ದ ಅಭ್ಯಾಸ ಇಲ್ಲಿ ಕಲ್ಲು, ಮೊಳೆ ಹುಡುಕಲು ಬೇಕು. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯದಿರಿ. ಕೊಬ್ಬರಿ ಎಣ್ಣೆ ಹಿಮ್ಮಡಿಯ ಬಿರುಕಿಗೆ ಒಳ್ಳೆಯದು, ಬೆರಳ ಸಂದಿಗೆ ಬೇಡ. ಅಲ್ಲಿ ಒದ್ದೆ ನಿಂತರೆ ಹುಣ್ಣಾಗುತ್ತದೆ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಆಣಿಪಟ್ಟಿ ಅಂಟಿಸುವುದು ಎರಡೂ ಅಪಾಯ. ಪಟ್ಟಿಯಲ್ಲಿರುವ ಆಮ್ಲ ಆಣಿಯ ಜೊತೆ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸುಡುವುದು ತಿಳಿಯಬೇಕಾದ ನರ ಅಲ್ಲಿಲ್ಲ.

ಸ್ಪರ್ಶ ಎಷ್ಟು ಉಳಿದಿದೆ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. 10 ಗ್ರಾಂ ಒತ್ತಡಕ್ಕೆ ಬಾಗುವಂತೆ ಮಾಡಿದ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಕೆಲವು ಕಡೆ ತಾಗಿಸಿ, ಕಣ್ಣು ಮುಚ್ಚಿದ ರೋಗಿಗೆ ತಿಳಿಯಿತೇ ಎಂದು ಕೇಳುತ್ತಾರೆ. ತಿಳಿಯದಿದ್ದರೆ ಆ ಪಾದ ಕಾವಲು ಕಳೆದುಕೊಂಡಿದೆ ಎಂದರ್ಥ. ಕಂಪನ ತಿಳಿಯಲು ಶ್ರುತಿಕವೆಯನ್ನು ಹೆಬ್ಬೆರಳಿಗೆ ಮುಟ್ಟಿಸುತ್ತಾರೆ. ಎಲ್ಲ ಸೇರಿ ಐದು ನಿಮಿಷದ ಕೆಲಸ, ಮಧುಮೇಹಿಗೆ ವರ್ಷಕ್ಕೊಮ್ಮೆಯಾದರೂ ಆಗಬೇಕಾದ್ದು. ಗಡಿಬಿಡಿಯ ಆಸ್ಪತ್ರೆಗಳಲ್ಲಿ ರಕ್ತದ ವರದಿ ನೋಡಿ ಚೀಟಿ ಬರೆಯುವಷ್ಟರಲ್ಲಿ ಇದು ಮರೆತುಹೋಗುತ್ತದೆ. ಕೇಳಲು ಸಂಕೋಚವೆನಿಸಿದರೆ, ವೈದ್ಯರ ಎದುರು ಕುಳಿತ ಕೂಡಲೇ ಚಪ್ಪಲಿ, ಕಾಲುಚೀಲ ಎರಡನ್ನೂ ಬಿಚ್ಚಿಟ್ಟು ಪಾದಗಳನ್ನು ಮುಂದಕ್ಕೆ ಚಾಚಿಬಿಡಬಹುದು.